3 ಸೀಮೆ ಹಸು ಇರೋ ಮನೆಗೆ ಗೋಬರ್ ಗ್ಯಾಸ್: 2 ಘನ ಮೀಟರ್ ಸಾಕಾ, 4 ಬೇಕಾ?

ಮಾವಿನತೋಪು (ಶ್ರೀನಿವಾಸಪುರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಕೊಟ್ಟಿಗೆಯಲ್ಲಿ 3 ಎಚ್‌ಎಫ್ (ಸೀಮೆ) ಹಸು, 1 ನಾಟಿ ಹಸು, 2 ಕರು ಇವೆ. ಎಚ್‌ಎಫ್‌ಗಳಿಗೆ ಕಟ್ಟಿದಲ್ಲೇ ಮೇವು. ನಾಟಿ ಹಸು ಹಗಲೆಲ್ಲ ತೋಪಿನ ಕಡೆ ಮೇಯುತ್ತೆ. ಮನೆಯಲ್ಲಿ 6 ಜನ. ಅಡುಗೆಗೆ 14.2 ಕೆಜಿ ಸಿಲಿಂಡರ್ 25 ದಿನಕ್ಕೊಂದು ಖಾಲಿ. ಸ್ನಾನದ ನೀರಿಗೆ ಬಚ್ಚಲ ಹಂಡೆ, ಅದಕ್ಕೆ ನೀಲಗಿರಿ ಸೌದೆ, ಮಾವಿನ ಕೊಂಬೆ.

ಗೋಬರ್ ಗ್ಯಾಸ್ ಬಗ್ಗೆ ವಿಚಾರಿಸಿದಾಗ ಏಜೆಂಟರೊಬ್ಬರು "6 ಜನಕ್ಕೆ 4 ಘನ ಮೀಟರ್ ಬೇಕೇ ಬೇಕು, ಸ್ನಾನಕ್ಕೂ ಆಗುತ್ತೆ, ಉಳಿದ ಗ್ಯಾಸ್‌ನಲ್ಲಿ ಜನರೇಟರ್ ಇಟ್ಟು ಚಾಫ್ ಕಟರ್ (ಮೇವು ಕತ್ತರಿಸೋ ಯಂತ್ರ) ಓಡಿಸಬಹುದು" ಅಂತಾರೆ. ಇದು ನಿಜಾನಾ? ನೆಲದೊಳಗೆ ಕಟ್ಟೋ ಇಟ್ಟಿಗೆ ಡೋಮ್ (ಗುಮ್ಮಟ) ಒಳ್ಳೇದಾ, ಈಗ ಬಂದಿರೋ ಹಾಳೆಯ ಬಲೂನ್ ಒಳ್ಳೇದಾ? ಇದೆಲ್ಲ ಬಿಟ್ಟು ಮನೆ ಮೇಲೆ ಸೋಲಾರ್ ಹಾಕಿಸೋದೇ ವಾಸಿ ಅಂತಲೂ ಕೆಲವರು ಹೇಳ್ತಾರೆ. ತಿಳಿದವರು ಲೆಕ್ಕ ಸಮೇತ ಹೇಳಿ.

---

ಸಗಣಿಲೆಕ್ಕ

ಮನೆಯಲ್ಲಿ ಎಷ್ಟು ಜನ ಅಂತ ಕೇಳಿ ಗ್ಯಾಸ್ ಗುಂಡಿ ಸೈಜ್ ಹೇಳೋರ ಮಾತು ಕೇಳಬೇಡಿ. ತೊಟ್ಟಿ ಬಾಯಿಗೆ ದಿನಾ ಎಷ್ಟು ಸಗಣಿ ಬೀಳುತ್ತೆ ಅನ್ನೋದರ ಮೇಲೆ ಸೈಜ್ ನಿಲ್ಲುತ್ತೆ. 2 ಘನ ಮೀಟರ್ ಅಂದರೆ ಗುಂಡಿಯ ಅಳತೆಯಲ್ಲ, ದಿನಕ್ಕೆ ಅಷ್ಟು ಗ್ಯಾಸ್ ಕೊಡೋ ಗುಂಡಿ ಅಂತ.

1 ಕೆಜಿ ಹಸಿ ಸಗಣಿಗೆ ಸುಮಾರು 40 ಲೀಟರ್ ಗ್ಯಾಸ್. ಅಂದರೆ 1 ಘನ ಮೀಟರ್‌ಗೆ ದಿನಕ್ಕೆ 25 ಕೆಜಿ. ಕಟ್ಟಿ ಮೇಯಿಸೋ ಎಚ್‌ಎಫ್ ದಿನಕ್ಕೆ 12ರಿಂದ 15 ಕೆಜಿ ಹಾಕುತ್ತೆ, ಮೂರರಿಂದ 40 ಕೆಜಿ ಆಸುಪಾಸು. ನಾಟಿ ಹಸುವಿನದು ರಾತ್ರಿ ಕೊಟ್ಟಿಗೆಯಲ್ಲಿ ಬೀಳೋದು ಮಾತ್ರ ಲೆಕ್ಕ, 4-5 ಕೆಜಿ. ಎರಡು ಕರು ಸೇರಿ 6-7. ಒಟ್ಟು 50 ಚಿಲ್ಲರೆ. ಅಂಗಳ ಸಾರಿಸೋಕೆ, ಬೆರಣಿಗೆ, ಕೊಟ್ಟಿಗೆ ತೊಳೆಯುವಾಗ ನೀರಿನ ಜೊತೆ ಹೋಗೋದು ಕಳೆದರೆ 50ರ ಒಳಗೇ ನಿಲ್ಲುತ್ತೆ. ಇದು 2 ಘನ ಮೀಟರ್ ಗುಂಡಿಯ ಹೊಟ್ಟೆಗೆ ಸರಿಯಾಗಿ ಆಗುತ್ತೆ. 4 ಘನ ಮೀಟರ್‌ಗೆ ದಿನಾ 100 ಕೆಜಿ ಬೇಕು, ಅಷ್ಟನ್ನು ಎಲ್ಲಿಂದ ತರ್ತೀರಿ? ಅನುಮಾನ ಇದ್ದರೆ ಒಂದು ವಾರ ಬಾಂಡ್ಲಿಯನ್ನು ನೇತುಹಾಕೋ ತಕ್ಕಡಿಗೆ ಸಿಕ್ಕಿಸಿ ತೂಗಿ ನೋಡಿ, ಆಮೇಲೆ ಗುಂಡಿ ತೆಗೆಸಿ.

ದೊಡ್ಡದು ಕಟ್ಟಿಸಿದರೆ ನಷ್ಟವೇನು ಅಂತ ಕೇಳಬಹುದು. ಸಗಣಿ ಅಷ್ಟೇ ಇದ್ದರೆ ಗ್ಯಾಸೂ ಅಷ್ಟೇ. ಡೋಮ್ ಗುಂಡಿಯಲ್ಲಿ ಗ್ಯಾಸ್ ತುಂಬುತ್ತಾ ಬಗ್ಗಡವನ್ನು (ನೀರಲ್ಲಿ ಕಲಸಿದ ಸಗಣಿ) ಔಟ್‌ಲೆಟ್ ತೊಟ್ಟಿಗೆ ಮೇಲಕ್ಕೆ ತಳ್ಳುತ್ತೆ, ಒಲೆಗೆ ಒತ್ತಡ ಬರೋದು ಆ ಮಟ್ಟದ ವ್ಯತ್ಯಾಸದಿಂದ. ಅಗಲದ ಗುಂಡಿಯಲ್ಲಿ ಸ್ವಲ್ಪ ಗ್ಯಾಸ್ ಇದ್ದರೆ ಮಟ್ಟ ಏರೋದೇ ಇಲ್ಲ, ಉರಿ ಸಪ್ಪೆ. ಮೊದಲ ಸಲ ತುಂಬಿಸೋಕೂ ದುಪ್ಪಟ್ಟು ಸಗಣಿ ಬೇಕು.

ಈಗ ಸಿಲಿಂಡರ್ ಲೆಕ್ಕ. 14.2 ಕೆಜಿ 25 ದಿನ ಅಂದರೆ ದಿನಕ್ಕೆ 0.57 ಕೆಜಿ. 1 ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 0.43 ಕೆಜಿ ಎಲ್‌ಪಿಜಿಗೆ ಸಮ. ನಿಮ್ಮ ಅಡುಗೆಗೆ ಬೇಕಿರೋದು ದಿನಕ್ಕೆ 1.3 ಘನ ಮೀಟರ್ ಅಷ್ಟೆ. ಚೆನ್ನಾಗಿ ನಡೆಯೋ 2 ಘನ ಮೀಟರ್ ಗುಂಡಿ ಬೇಸಿಗೆಯಲ್ಲಿ 1.7-1.8 ಕೊಡುತ್ತೆ, ಡಿಸೆಂಬರ್-ಜನವರಿ ಚಳಿಯಲ್ಲಿ 1.3ರ ಹತ್ತಿರ ಇಳಿಯುತ್ತೆ. ಮನೆಗೆ ನೆಂಟರು ಬಂದಾಗ, ಹಬ್ಬದ ದಿನ ಸಿಲಿಂಡರ್ ಬೇಕಾಗುತ್ತೆ, ಕನೆಕ್ಷನ್ ವಾಪಸ್ ಕೊಡಬೇಡಿ.

ಇನ್ನೊಂದು ಮಾತು. ಡೋಮಿನಲ್ಲಿ ಹಿಡಿಯೋದು ದಿನದ ಉತ್ಪಾದನೆಯ ಮೂರನೇ ಒಂದು ಭಾಗ ಮಾತ್ರ. ಬೆಳಗ್ಗೆ, ಸಂಜೆ ಎರಡು ಹೊತ್ತು ಉರಿಸಬೇಕು. ಎರಡು ದಿನ ಊರಿಗೆ ಹೋಗಿ ಬಂದು ಮೂರನೇ ದಿನಕ್ಕೆ ಕೂಡಿಟ್ಟ ಗ್ಯಾಸ್ ಸಿಗುತ್ತೆ ಅಂದುಕೊಳ್ಳಬೇಡಿ, ಹೆಚ್ಚಾದದ್ದು ಬಗ್ಗಡ ಸೀಳಿಕೊಂಡು ಹೊರಗೆ ಹೋಗುತ್ತೆ.

---

ಗುಮ್ಮಟ_ಮೇಸ್ತ್ರಿ (ಬಾಗೇಪಲ್ಲಿ)

ಸಗಣಿಲೆಕ್ಕದವರು ಹೇಳಿದ್ದು ಸರಿ, 2 ಘನ ಮೀಟರ್ ದೀನಬಂಧು ಕಟ್ಟಿಸಿ. 1984ರಲ್ಲಿ ಅಫ್‌ಪ್ರೋ (AFPRO) ಅನ್ನೋ ಸ್ವಯಂಸೇವಾ ಸಂಸ್ಥೆ ರೂಪಿಸಿದ ಡೋಮ್ ಮಾದರಿ ಅದು. ಪೂರ್ತಿ ಇಟ್ಟಿಗೆ-ಸಿಮೆಂಟು, ತುಕ್ಕು ಹಿಡಿಯೋ ಕಬ್ಬಿಣದ ಡ್ರಮ್ಮಿಲ್ಲ. ನಮ್ಮ ಬಾಗೇಪಲ್ಲಿ ಸುತ್ತ 2005ರಲ್ಲಿ ಕ್ಯೋಟೋ ಹವಾಮಾನ ಒಪ್ಪಂದದ ಕಾರ್ಬನ್ ಯೋಜನೆಯಲ್ಲಿ ನೋಂದಣಿಯಾದ 5,500 ಗುಂಡಿಗಳ ಕಾರ್ಯಕ್ರಮವೂ ಇದೇ 2 ಘನ ಮೀಟರ್ ಅಳತೆಯದು. ಡೋಮ್ ಕಟ್ಟಿ ಕೈ ಪಳಗಿದ ಮೇಸ್ತ್ರಿ ಬೇಕಾದರೆ ಈ ಕಡೆ ಹುಡುಕಿ. ಮನೆ ಕಟ್ಟೋ ಮೇಸ್ತ್ರಿ ಎಷ್ಟೇ ಬುದ್ಧಿವಂತನಾದರೂ ಸೆಂಟ್ರಿಂಗ್ ಇಲ್ಲದೆ ಗುಮ್ಮಟ ತಿರುಗಿಸೋದು ಬೇರೆಯೇ ಕೆಲಸ.

ಜಾಗ: ಅಡುಗೆಮನೆಯಿಂದ 30 ಅಡಿ ಒಳಗೆ, ಕೊಟ್ಟಿಗೆಗೆ ಅಂಟಿಕೊಂಡು, ದಿನವೆಲ್ಲ ಬಿಸಿಲು ಬೀಳೋ ಕಡೆ. ಕುಡಿಯೋ ನೀರಿನ ಬಾವಿ, ಬೋರ್‌ವೆಲ್‌ನಿಂದ 50 ಅಡಿ ದೂರ. ಮಾವಿನ ಮರದ ಪಕ್ಕ ಬೇಡವೇ ಬೇಡ, ಬೇರು ಇಟ್ಟಿಗೆ ಸಂದಿ ಹುಡುಕಿಕೊಂಡು ಬರುತ್ತೆ.

ಗುಂಡಿ ಸುಮಾರು 9 ಅಡಿ ಅಗಲ, 6ರಿಂದ 6½ ಅಡಿ ಆಳ, ತಳ ಬಟ್ಟಲಿನ ಆಕಾರ. ಡೋಮ್ ಒಳಮೈಗೆ 1:3 ಗಾರೆ, ಅದು ಒಣಗೋ ಮೊದಲೇ ಸಿಮೆಂಟ್ ಹಾಲು, ಮೇಲೆ ತೆಳ್ಳಗೆ ಸಿಮೆಂಟ್ ಸಾರಣೆ, ಎಲ್ಲ ಒಣಗಿದ ಮೇಲೆ ಎರಡು ಕೋಟು ಬಣ್ಣ. ಈ ಸಾರಣೆ ಕೆಲಸ ಒಂದೇ ದಿನ, ಒಂದೇ ಕೈಯಲ್ಲಿ ಮುಗೀಬೇಕು. ಅರ್ಧ ಇವತ್ತು, ಅರ್ಧ ನಾಳೆ ಮಾಡಿದರೆ ಎರಡರ ನಡುವಿನ ಗೆರೆಯಲ್ಲೇ ಗ್ಯಾಸ್ ಸೋರುತ್ತೆ. ಕ್ಯೂರಿಂಗ್ 2 ವಾರ, ಗೋಣಿ ಹೊದಿಸಿ ದಿನಕ್ಕೆ ಮೂರು ಹೊತ್ತು ನೀರು. ಗುಮ್ಮಟದ ಸುತ್ತ ಮಣ್ಣು ಅರ್ಧ ಅರ್ಧ ಅಡಿ ತುಂಬಿ, ನೀರು ಹಾಕಿ ದಮ್ಮಸ್ಸು ಮಾಡಿ. ನೆತ್ತಿಯ ಮೇಲೆ ಒಂದು ಅಡಿಯಾದರೂ ಮಣ್ಣಿರಲಿ. ಒಳಗಿನ ಒತ್ತಡಕ್ಕೆ ಆ ಮಣ್ಣಿನ ಭಾರವೇ ಎದುರು ನಿಲ್ಲೋದು. "ಕಾಣಿಸಲಿ, ಚೆನ್ನಾಗಿದೆ" ಅಂತ ಗುಮ್ಮಟ ಬರಿಮೈ ಬಿಟ್ಟರೆ ಬಿಸಿಲಿಗೆ ಬಿರುಕು ಬಿಡುತ್ತೆ.

ಮೇಸ್ತ್ರಿಗೆ ಕೊನೇ ಕಂತು ಕೊಡೋ ಮುಂಚೆ ನೀರಿನ ಪರೀಕ್ಷೆ. ವಾಲ್ವ್ ತೆರೆದಿಟ್ಟು ಔಟ್‌ಲೆಟ್ ತೊಟ್ಟಿಯ ತಳದ ಮಟ್ಟದವರೆಗೆ ನೀರು ತುಂಬಿ. ಮೊದಲ ದಿನ ಗೋಡೆ ನೀರು ಕುಡಿಯುತ್ತೆ, ಮತ್ತೆ ತುಂಬಿ ಗೆರೆ ಎಳೆಯಿರಿ. ಮಾರನೇ ದಿನವೂ ಇಳಿದರೆ ಗೋಡೆಯಲ್ಲಿ ತೂತು. ಇಳಿಯಲಿಲ್ಲವಾ, ಈಗ ವಾಲ್ವ್ ಮುಚ್ಚಿ ಮತ್ತೆ ನೀರು ಸುರಿಯಿರಿ. ಒಳಗಿನ ಗಾಳಿ ಒತ್ತಿಕೊಂಡು ಔಟ್‌ಲೆಟ್‌ನಲ್ಲಿ ನೀರು ಏರುತ್ತೆ. ಅಲ್ಲೊಂದು ಗೆರೆ. 24 ಗಂಟೆ ಬಿಟ್ಟು ನೋಡಿ. ಆಗ ಇಳಿದರೆ ಸೋರೋದು ಗುಮ್ಮಟ ಅಥವಾ ವಾಲ್ವ್, ಸೋಪ್ ನೊರೆ ಹಚ್ಚಿದರೆ ವಾಲ್ವಿನದು ಗೊತ್ತಾಗುತ್ತೆ. ಎರಡು ಸಲವೂ ಒಂದೇ ಹೊತ್ತಿನಲ್ಲಿ ನೋಡಿ. ಬೆಳಗಿನ ಗೆರೆಯನ್ನು ಮಧ್ಯಾಹ್ನದ ಮಟ್ಟಕ್ಕೆ ಹೋಲಿಸಿದರೆ ಬಿಸಿಲಿಗೆ ಗಾಳಿ ಹಿಗ್ಗಿರುತ್ತೆ, ಸೋರಿದ್ದೂ ಕಾಣಲ್ಲ.

ಸಬ್ಸಿಡಿ ವಿಚಾರ ತಾಲ್ಲೂಕು ಪಂಚಾಯಿತಿಯಲ್ಲಿ ಕೇಳಿ, ಕಟ್ಟೋಕೆ ಮುಂಚೆ ಕೇಳಿ.

---

ನೀಲಿಉರಿ

ಗುಂಡಿ ಎಷ್ಟೇ ಚೆನ್ನಾಗಿ ಕಟ್ಟಿದರೂ ಕೆಡೋದು ದಿನದ ಕೆಲಸದಲ್ಲಿ. ಅದನ್ನು ಬರೀತೀನಿ.

ಮೊದಲ ತುಂಬಿಕೆ: 2 ಘನ ಮೀಟರ್ ಗುಂಡಿಗೆ ಸುಮಾರು 2 ಟನ್ ಸಗಣಿ, 2,000 ಲೀಟರ್ ನೀರು. ಅಕ್ಕಪಕ್ಕದ ಮನೆಗಳಿಂದ 3-4 ದಿನದಲ್ಲೇ ಕೂಡಿಹಾಕಿ, ತಿಪ್ಪೆಯಲ್ಲಿ ಒಣಗಿದ ಸಗಣಿ ಬೇಡ. ಹತ್ತಿರದಲ್ಲಿ ನಡೆಯೋ ಗುಂಡಿ ಇದ್ದರೆ ಅದರ ಬಗ್ಗಡ ಹತ್ತರಲ್ಲಿ ಒಂದು ಪಾಲು ಹಾಕಿದರೆ ಬೇಗ ಹಿಡಿಯುತ್ತೆ. 2-3 ವಾರ ಬೇಕು. ಮೊದಲು ಬರೋದು ಗಾಳಿ ಮತ್ತು ಇಂಗಾಲದ ಡೈಆಕ್ಸೈಡ್, ಉರಿಯಲ್ಲ. ಎರಡು ಮೂರು ಸಲ ಬಯಲಿಗೆ ಬಿಟ್ಟುಬಿಡಿ. ಗುಂಡಿ ಪೈಪಿನ ಬಾಯಿಗೆ ಬೆಂಕಿಕಡ್ಡಿ ಗೀರಿ ನೋಡೋ ಕೆಲಸ ಮಾತ್ರ ಮಾಡಬೇಡಿ, ಪರೀಕ್ಷೆ ಏನಿದ್ದರೂ ಒಲೆಯಲ್ಲಿ.

ದಿನದ ಹದ: ಸಗಣಿಗೆ ಸಮ ಸಮ ನೀರು, ದೋಸೆ ಹಿಟ್ಟಿನಂತೆ ಕೈಯಿಂದ ಇಳಿಯಬೇಕು. ತೊಟ್ಟಿಯ ತೂತಿಗೆ ಮುಚ್ಚಳ ಹಾಕಿ, ಕಲಸಿ, ಹತ್ತು ನಿಮಿಷ ಬಿಡಿ. ಮೇಲೆ ತೇಲಿದ ರಾಗಿ ಹುಲ್ಲು, ಸೀಮೆ ಹುಲ್ಲಿನ ದಂಟು ತೆಗೆಯಿರಿ. ತಳದಲ್ಲಿ ಕೂತ ಮರಳನ್ನು ಗುಂಡಿಗೆ ಬಿಡಬೇಡಿ. ನಮ್ಮ ಕಡೆ ಕೆಂಪು ಮಣ್ಣಿನ ಕೊಟ್ಟಿಗೆಗಳಲ್ಲಿ ಇದೇ ದೊಡ್ಡ ಕಾಟ. ನಾಲ್ಕೈದು ವರ್ಷದಲ್ಲಿ ಗುಂಡಿ ಅರ್ಧ ಮರಳಾಗಿರುತ್ತೆ, ಗ್ಯಾಸ್ ಕಡಿಮೆಯಾಯ್ತು ಅಂತ ಹಸು ಮೇಲೆ ತಪ್ಪು ಹೊರಿಸ್ತಾರೆ. ಕೊಟ್ಟಿಗೆಗೆ ಕಲ್ಲು ಚಪ್ಪಡಿನೋ ಸಿಮೆಂಟ್ ನೆಲನೋ ಇರಬೇಕು.

ಹಸು ಮೈ ತೊಳೆದ ನೀರು, ಕ್ಯಾನ್ ತೊಳೆದ ಸೋಪ್ ನೀರು, ಫಿನೈಲ್, ಬ್ಲೀಚಿಂಗ್ ಪೌಡರ್ ಒಳಗೆ ಹೋಗಬಾರದು. ಕೆಚ್ಚಲು ಬಾವಿಗೆ ಆಂಟಿಬಯಾಟಿಕ್ ಕೊಟ್ಟ ಹಸುವಿನ ಸಗಣಿಯನ್ನು ಚಿಕಿತ್ಸೆ ನಡೆಯೋವಷ್ಟು ದಿನ, ಮೇಲೆ ಒಂದು ವಾರ ತಿಪ್ಪೆಗೆ ಹಾಕಿ. ಗುಂಡಿಯಲ್ಲಿ ಗ್ಯಾಸ್ ಮಾಡೋ ಜೀವಾಣುಗಳಿಗೂ ಆ ಔಷಧಿ ನಾಟುತ್ತೆ. ಗುಂಡಿ ಹುಳಿಯಾದರೆ, ಅಂದರೆ ಔಟ್‌ಲೆಟ್‌ನಲ್ಲಿ ಹುಳಿ ವಾಸನೆ, ಗ್ಯಾಸ್ ಬಂದರೂ ಉರಿಯದಿದ್ದರೆ, 5-6 ದಿನ ಏನೂ ಹಾಕದೆ ಸುಮ್ಮನಿರಿ, ಆಮೇಲೆ ಅರ್ಧ ಪ್ರಮಾಣದಿಂದ ಶುರುಮಾಡಿ.

ಚಳಿಗಾಲದಲ್ಲಿ ಕರಿ ಡ್ರಮ್ಮಿನಲ್ಲಿ ನೀರಿಟ್ಟು ಬಿಸಿಲಿಗೆ ಕಾಯಿಸಿ, ಮಧ್ಯಾಹ್ನ 2-3 ಗಂಟೆಗೆ ಆ ನೀರಲ್ಲಿ ಕಲಸಿ ಹಾಕಿ. ಮುಂಜಾನೆ ತಣ್ಣೀರಲ್ಲಿ ಕಲಸಿದರೆ ಒಳಗಿನ ಶಾಖ ಬೀಳುತ್ತೆ. ಗುಮ್ಮಟದ ಮೇಲೆ ಒಂದಡಿ ಒಣ ಹುಲ್ಲು ಹೊದಿಸಿದರೂ ವ್ಯತ್ಯಾಸ ಕಾಣುತ್ತೆ.

ಪೈಪ್: ಮುಕ್ಕಾಲು ಇಂಚು ಜಿಐ (ಸತು ಲೇಪದ ಕಬ್ಬಿಣ) ಅಥವಾ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್), 10 ಅಡಿಗೆ 1 ಇಂಚಿನಷ್ಟು ಒಂದೇ ಕಡೆ ಇಳಿಜಾರು, ಅತಿ ತಗ್ಗಿನ ಜಾಗದಲ್ಲಿ ನೀರು ಬಿಡೋ ಕೊಳಾಯಿ. ಗ್ಯಾಸಿನ ತೇವ ಪೈಪಲ್ಲಿ ನೀರಾಗುತ್ತೆ. ಪೈಪ್ ಎಲ್ಲಾದರೂ ಜೋತುಬಿದ್ದರೆ ಅಲ್ಲಿ ನೀರು ನಿಂತು ಉರಿ ಬುಸ್ ಬುಸ್ ಅಂತ ಎದ್ದು ಬೀಳುತ್ತೆ. ಗುಂಡಿ ಕೆಟ್ಟಿದೆ ಅನ್ನೋ ದೂರುಗಳಲ್ಲಿ ಎಷ್ಟೋ ಬರೀ ಈ ನೀರು.

ಒಲೆ: ಎಲ್‌ಪಿಜಿ ಸ್ಟೌ ಆಗಲ್ಲ. ಅದರ ಜೆಟ್ ತೂತು ಸಣ್ಣದು, ಗಾಳಿಯೂ ಹೆಚ್ಚು ಸೇರಿಸುತ್ತೆ. ಐಎಸ್ 8749 (ಭಾರತೀಯ ಮಾನಕ) ಗುರುತಿನ ಬಯೋಗ್ಯಾಸ್ ಒಲೆಯನ್ನೇ ಕೊಳ್ಳಿ. ಗಂಟೆಗೆ 0.45 ಘನ ಮೀಟರ್ ಉರಿಸೋ ದೊಡ್ಡ ಬರ್ನರ್ ನಿಮ್ಮ ಗ್ಯಾಸ್‌ಗೆ ಮೂರು ಮೂರೂವರೆ ಗಂಟೆ ಬರುತ್ತೆ, ರಾಗಿ ಮುದ್ದೆಗೆ ಅದೇ ಬೇಕು. ಉರಿ ಬರ್ನರ್ ಬಿಟ್ಟು ಮೇಲೆ ಹಾರಿದರೆ ಒತ್ತಡ ಅಥವಾ ಗಾಳಿ ಜಾಸ್ತಿ, ಹಳದಿಯಾದರೆ ಗಾಳಿ ಕಮ್ಮಿ.

ಕೊನೆಗೆ, ಗುಂಡಿ ಖಾಲಿ ಮಾಡಿಸುವಾಗ ಯಾರನ್ನೂ ಹಾಗೇ ಒಳಗೆ ಇಳಿಸಬೇಡಿ. ಉಸಿರು ಕಟ್ಟೋಕೆ ಒಂದು ನಿಮಿಷ ಸಾಕು. ಒಬ್ಬರು ಬಿದ್ದರೆ ಎತ್ತೋಕೆ ಹೋದವರೂ ಬೀಳ್ತಾರೆ.

---

ಕರೆಂಟ್_ಬಿಲ್ (ಚಿಂತಾಮಣಿ)

ಸ್ನಾನ, ಜನರೇಟರ್, ಸೋಲಾರ್ ಈ ಮೂರಕ್ಕೆ ಉತ್ತರ ಯಾರೂ ಹೇಳಿಲ್ಲ.

ಸ್ನಾನ: 6 ಜನಕ್ಕೆ ತಲಾ 20 ಲೀಟರ್, 120 ಲೀಟರ್ ನೀರನ್ನು 20 ಡಿಗ್ರಿ ಏರಿಸೋಕೆ 2,400 ಕಿಲೋಕ್ಯಾಲರಿ. ಒಲೆಯ ನಷ್ಟ ಸೇರಿದರೆ ಅದಕ್ಕೇ 1 ಘನ ಮೀಟರ್ ಗ್ಯಾಸ್ ಮುಗೀತು. ಅಡುಗೆಗೆ ಉಳಿಯೋದು ಅರ್ಧಕ್ಕಿಂತ ಕಡಿಮೆ. ಏಜೆಂಟರ "ಸ್ನಾನಕ್ಕೂ ಆಗುತ್ತೆ" ಅನ್ನೋದು ಇಲ್ಲೇ ಬಿತ್ತು. 40 ಡಿಗ್ರಿ ನೀರಿಗೆ ಬಿಸಿಲೇ ಸಾಕು. 150ರಿಂದ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಹಾಕಿಸಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳ ಬೋರ್ ನೀರು ಗಡಸು, ತಾಮ್ರದ ಸಣ್ಣ ಕೊಳವೆಗಳಿರೋ ಫ್ಲಾಟ್ ಪ್ಲೇಟ್‌ನಲ್ಲಿ ಸುಣ್ಣ ಕಟ್ಟಿಕೊಳ್ಳುತ್ತೆ. ಗಾಜಿನ ಟ್ಯೂಬಿನದು ತೊಳೆಯೋಕೆ ಸುಲಭ. ಆದರೆ ಕರೆಂಟ್ ಇಲ್ಲದೆ ಮೇಲಿನ ಟ್ಯಾಂಕ್ ಬರಿದಾಗಿ ಟ್ಯೂಬ್ ಒಣಗಿ ಕಾದಿರುವಾಗ ಮಧ್ಯಾಹ್ನ ತಣ್ಣೀರು ಬಿಟ್ಟರೆ ಟಪ್ ಅಂತ ಒಡೆಯುತ್ತೆ. ಅಂಥ ದಿನ ಸಂಜೆ ತುಂಬಿಸಿ.

ಮಳೆಗಾಲಕ್ಕೆ ಹಂಡೆ ಇಟ್ಟುಕೊಳ್ಳಿ, ಒಲೆ ಮಾತ್ರ ಬದಲಾಯಿಸಿ. ಈಗ ಮೂರು ಕಲ್ಲಿನ ಮೇಲೆ ಹಂಡೆ ಇದ್ದರೆ ಅದೇ 2,400 ಕಿಲೋಕ್ಯಾಲರಿಗೆ 5-6 ಕೆಜಿ ಸೌದೆ ಹೋಗ್ತಿರುತ್ತೆ. ಸುತ್ತ ಎರಡು ಇಂಚು ಸಂದಿ ಬಿಟ್ಟು ಇಟ್ಟಿಗೆ ಗೋಡೆ, ಕೆಳಗೆ ಕಬ್ಬಿಣದ ಜಾಲರಿ, ಸಣ್ಣ ಬಾಯಿ, ಹಿಂದೆ ಹೊಗೆ ಕೊಳವೆ. ಬೆಂಗಳೂರಿನ ಐಐಎಸ್‌ಸಿಯ (ಭಾರತೀಯ ವಿಜ್ಞಾನ ಸಂಸ್ಥೆ) ಹಳ್ಳಿ ತಂತ್ರಜ್ಞಾನ ಕೇಂದ್ರ 'ಅಸ್ತ್ರ' ರೂಪಿಸಿದ ಒಲೆಯ ತತ್ವ ಇದೇ, ಜಾಲರಿ ಕೆಳಗಿಂದ ಗಾಳಿ ಬಂದರೆ ಸೌದೆ ಪೂರ್ತಿ ಉರಿಯುತ್ತೆ.

ಜನರೇಟರ್: 1 ಯೂನಿಟ್ ಕರೆಂಟಿಗೆ ಮುಕ್ಕಾಲು ಘನ ಮೀಟರ್ ಗ್ಯಾಸ್ ಬೇಕು, ಸಣ್ಣ ಎಂಜಿನ್ ಆದರೆ ಇನ್ನೂ ಜಾಸ್ತಿ. ಗ್ಯಾಸಿನಲ್ಲಿರೋ ಕೊಳೆತ ಮೊಟ್ಟೆ ವಾಸನೆಯ ಅಂಶ ಎಂಜಿನ್ನನ್ನು ತಿನ್ನುತ್ತೆ. 2 ಎಚ್‌ಪಿ ಚಾಫ್ ಕಟರ್ ದಿನಕ್ಕೆ ಅರ್ಧ ಗಂಟೆ ಓಡಿದರೆ ಮುಕ್ಕಾಲು ಯೂನಿಟ್ಟು, ಅಷ್ಟಕ್ಕೆ ಈ ಪಾಡು ಯಾಕೆ? ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ 1987ರಲ್ಲಿ ಅಸ್ತ್ರ ಕೇಂದ್ರದವರು ಸಗಣಿ ಗ್ಯಾಸ್‌ನಿಂದ ಎಂಜಿನ್ ಓಡಿಸಿ ಕುಡಿಯೋ ನೀರು, ಮನೆ ದೀಪ ಕೊಟ್ಟಿದ್ದರು. ಅಲ್ಲಿ ಊರಿಗೂರೇ ಸಗಣಿ ತಂದು ಹಾಕುತ್ತಿತ್ತು, ಡೀಸೆಲ್ಲೂ ಜೊತೆಗೆ ಉರಿಯುತ್ತಿತ್ತು. ಒಂದು ಮನೆಯ ಕೊಟ್ಟಿಗೆಗೆ ಆ ಲೆಕ್ಕ ಹೊಂದಲ್ಲ.

ಮನೆ ಮೇಲೆ ಸೋಲಾರ್: ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್‌ಗೆ ₹30,000, 3 ಅಥವಾ ಹೆಚ್ಚಿಗೆ ಒಟ್ಟು ₹78,000 ಸಬ್ಸಿಡಿ ಇದೆ, ನಿಜ. 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತೆ. ಆದರೆ ನಿಮ್ಮ ಮನೆ ಬಿಲ್ ಗೃಹಜ್ಯೋತಿಯಲ್ಲಿ ಸೊನ್ನೆ ಬರ್ತಿದ್ದರೆ ಉಳಿಸೋಕೆ ಏನಿದೆ? ಇನ್ನೊಂದು, ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತೆ. ಲೈನಿನಲ್ಲಿ ಕೆಲಸ ಮಾಡೋ ಲೈನ್‌ಮ್ಯಾನ್‌ಗೆ ಶಾಕ್ ಹೊಡೀಬಾರದು ಅಂತ ಹಾಗೆ ಮಾಡಿರ್ತಾರೆ. ಇದನ್ನು ಮಾರೋರು ಹೇಳಲ್ಲ. ಸ್ನಾನಕ್ಕೆ ಕರೆಂಟ್ ಗೀಸರ್ ಇಟ್ಟರೆ ಮಾತ್ರ ತಿಂಗಳಿಗೆ 85 ಯೂನಿಟ್ ಏರಿ, ಗೃಹಜ್ಯೋತಿಯ 200 ಯೂನಿಟ್ ಮಿತಿ ದಾಟಿದರೆ ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ.

---

ಮಾವಿನತೋಪು

ತುಂಬಾ ಉಪಕಾರ. 2 ಘನ ಮೀಟರ್‌ಗೇ ಬಂದೆ. ಮೇಸ್ತ್ರಿಯವರಿಗೆ ಒಂದು ಪ್ರಶ್ನೆ. ಕೊಟ್ಟಿಗೆ ಪಕ್ಕ ಹಾರೆ ಹಾಕಿ ನೋಡಿದರೆ ನಾಲ್ಕೂವರೆ ಅಡಿಗೆ ಬಂಡೆ. ಇನ್ನೊಂದು ಜಾಗ ಇದೆ, ಅದು ಕೆರೆ ಕಡೆಗೆ ತಗ್ಗು. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನಿಂದ ಶುದ್ಧೀಕರಿಸಿ ಕೆರೆಗಳಿಗೆ ಬಿಡೋ ಕೊಳಚೆ ನೀರು) ಬಂದ ಮೇಲೆ ಆ ಕೆರೆ ತುಂಬಿದೆ, ಹಳೇ ಬಾವಿಯಲ್ಲೂ ನೀರು ಮೇಲೆ ಬಂದಿದೆ. ಏನು ಮಾಡಲಿ?

---

ಗುಮ್ಮಟ_ಮೇಸ್ತ್ರಿ (ಬಾಗೇಪಲ್ಲಿ)

ಬಂಡೆಗೆ ಮದ್ದಿಟ್ಟು ಸಿಡಿಸಬೇಡಿ, ಸುತ್ತಲಿನ ನೆಲ ಸಡಿಲವಾಗಿ ಆಮೇಲೆ ಇಟ್ಟಿಗೆ ಕೆಲಸ ಕುಸಿಯುತ್ತೆ. ಅರ್ಧ ನೆಲದೊಳಗೆ, ಅರ್ಧ ಮೇಲೆ ಡೋಮ್ ಕಟ್ಟಿ ಸುತ್ತ ಮಣ್ಣಿನ ದಿಬ್ಬ ಏರಿಸೋರಿದ್ದಾರೆ. ಮೊದಲ ಮಳೆಗೆ ದಿಬ್ಬ ಕರಗಿದರೆ ಗೋಡೆಗೆ ಆಧಾರ ತಪ್ಪುತ್ತೆ.

ಕೆರೆ ಕಡೆ ಜಾಗಕ್ಕೆ ಮೊದಲು ಹಳೇ ಬಾವಿಯ ನೀರಿನ ಮಟ್ಟ ಅಳೆಯಿರಿ, ಕೆರೆ ಕೋಡಿ ಹೋಗೋ ಕಾಲದಲ್ಲಿ. ನೀರು ನೆಲದಿಂದ 10 ಅಡಿಗಿಂತ ಕೆಳಗಿದ್ದರೆ ಕಟ್ಟಬಹುದು. ಅದಕ್ಕಿಂತ ಮೇಲಿದ್ದರೆ ಖಾಲಿ ಗುಂಡಿಯನ್ನು ತಳದ ನೀರು ಎತ್ತುತ್ತೆ, ತಳ ಒಡೆಯುತ್ತೆ. ಕಟ್ಟೋದಾದರೂ ಬೇಸಿಗೆಯಲ್ಲೇ ಕಟ್ಟಿ, ಕ್ಯೂರಿಂಗ್ ಮುಗಿದ ತಕ್ಷಣ ತುಂಬಿಸಿ.

ಎರಡೂ ಆಗದಿದ್ದರೆ ಬಲೂನ್ ಹಾಕಿಸಿ. ನಾನು ಇಟ್ಟಿಗೆ ಪಕ್ಷದವನೇ, ಆದರೂ ಬಂಡೆ ಜಾಗಕ್ಕೆ ಅದೇ ಸರಿ. ಎರಡೂವರೆ ಅಡಿ ಕಾಲುವೆ ಸಾಕು. ತಳದಲ್ಲಿ ಜರಡಿ ಹಿಡಿದ ಮರಳು, ಮೇಲೆ ಹಳೇ ಗೋಣಿ, ಒಂದು ಚೂಪು ಕಲ್ಲೂ ಇರಬಾರದು. ಸುತ್ತ ಜಾಲರಿ ಬೇಲಿ. ಕೋಳಿ ಕುಕ್ಕುತ್ತೆ, ಇಲಿ ಕಡಿಯುತ್ತೆ, ಕರು ತುಳಿಯುತ್ತೆ. ಮೇಲೆ ತೆಳು ನೆರಳು ಬಲೆ ಇದ್ದರೆ ಹಾಳೆ ಹೆಚ್ಚು ವರ್ಷ ಬಾಳುತ್ತೆ. ಒತ್ತಡ ಡೋಮಿನಷ್ಟು ಬರಲ್ಲ, ಪೈಪ್ 1 ಇಂಚಿಂದು ಹಾಕಿ, ಅಡುಗೆ ಹೊತ್ತಿಗೆ ಬಲೂನಿನ ಮೇಲೆ ಅಡ್ಡಲಾಗಿ ಮರಳು ತುಂಬಿದ ಪಟ್ಟಿ ಹಾಸಬೇಕಾಗುತ್ತೆ.

---

ಹಿಪ್ಪುನೇರಳೆ (ಶಿಡ್ಲಘಟ್ಟ)

ಹೊರಗೆ ಬರೋ ಬಗ್ಗಡದ ಬಗ್ಗೆ ಒಂದು ಮಾತು, ದಿನಾ 90-100 ಲೀಟರ್ ಬರುತ್ತೆ. ಔಟ್‌ಲೆಟ್ ಬಾಯಿ ತೋಟದ ಕಡೆ ತಗ್ಗಿಗೆ ಇರಲಿ, ಹೊತ್ತು ಹಾಕಬೇಕಾದರೆ ಎರಡು ತಿಂಗಳಲ್ಲಿ ಬೇಸರ ಬರುತ್ತೆ. ಬಿಸಿಲಿಗೆ ಹರಡಿ ಒಣಗಿಸಿದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತೆ. 6 ಅಡಿ ಉದ್ದ, 4 ಅಡಿ ಅಗಲ, 3 ಅಡಿ ಆಳದ ಎರಡು ಗುಂಡಿ ತೆಗೆದು, ಮಾವಿನ ತರಗು, ರಾಗಿ ಹುಲ್ಲಿನ ಕಸ, ಹಸು ಬಿಟ್ಟ ಮೇವು ಪದರ ಪದರ ಹಾಕಿ ಬಗ್ಗಡ ಹೀರಿಸಿ. ಒಂದು ತುಂಬೋ ಹೊತ್ತಿಗೆ ಇನ್ನೊಂದು ಗೊಬ್ಬರ ಆಗಿರುತ್ತೆ.

ಸೀಮೆ ಹುಲ್ಲಿಗೆ ಕಾಲುವೆ ನೀರಿನ ಜೊತೆ ನೇರವಾಗಿ ಬಿಡಬಹುದು. ಟೊಮೆಟೊ ಡ್ರಿಪ್‌ಗೆ ಮಾತ್ರ ಬೇಡ. ಬಟ್ಟೆಯಲ್ಲಿ ಸೋಸಿದ್ದೀವಿ ಅಂದರೂ ನಾರು ಉಳಿದಿರುತ್ತೆ, ಡ್ರಿಪ್ಪರ್ ಕಟ್ಟಿಕೊಂಡರೆ ಒಂದೊಂದನ್ನೂ ಬಿಚ್ಚಿ ಊದಬೇಕು. ಔಟ್‌ಲೆಟ್ ತೊಟ್ಟಿಗೆ ಚಪ್ಪಡಿ ಮುಚ್ಚೋದು ಮರೀಬೇಡಿ. ಮೇಲೆ ಕೆನೆಗಟ್ಟಿ ನೆಲದಂತೆ ಕಾಣುತ್ತೆ, ಮಕ್ಕಳೂ ಕರುಗಳೂ ಕಾಲಿಡ್ತವೆ.